ಬೀಗರ ಮೇಲಿನ ಅರ್ಜಿ

ಸಾರಕ್ಕಿ
4 ಸೆಪ್ಟೆಂಬರ್ 2024, ಬುಧವಾರ

ಮಗಳು ಬಿಂದುಶ್ರೀಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆದರೆ ನೀನೇ ನಗುತ್ತೀಯ. ಸಾರಕ್ಕಿಯಿಂದ ಕುಮಾರಸ್ವಾಮಿ ಲೇಔಟಿಗೆ ಕಾಗದ ಬರೆಯುವ ಅಪ್ಪ ಈ ಬೆಂಗಳೂರಲ್ಲಿ ನಾನೊಬ್ಬನೇ ಇರಬೇಕು. ಫೋನ್ ಮಾಡಿದರೆ ನಿಮ್ಮ ಮನೆಯಲ್ಲಿ ಸ್ಪೀಕರ್ ಹಾಕಿಸುತ್ತಾರೆ. ಬಂದರೆ ನಿಮ್ಮ ಮಾವ ಪಿಳ್ಳಣ್ಣನವರ ಮುಖ ನೋಡಬೇಕು. ಅದಕ್ಕೇ ಗೌರಿ ಬಾಗಿನದ ಮೊರದಲ್ಲಿ, ಬಳೆಗಳ ಕೆಳಗೆ ಇದನ್ನಿಟ್ಟು ಹೂವಿನ ಕೆಂಚವ್ವನ ಕೈಲಿ ಕಳಿಸುತ್ತಿದ್ದೇನೆ. ಪ್ರತಿ ವರ್ಷ ಬಾಗಿನ ತರುತ್ತಿದ್ದ ನಿನ್ನ ತಮ್ಮ ರೇವಂತ್ ಈ ಸಲ ಬರುವುದಿಲ್ಲ. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತರೆ ಏಳಬೇಕು ಅನಿಸುತ್ತದೆ, ಎದ್ದು ಕೆರೆ ಸುತ್ತಲು ಹೋದರೆ ಅರ್ಧಕ್ಕೇ ವಾಪಸ್ ಬರುತ್ತೇನೆ.

ರೇವಂತನ ಗಾಯ ಮಾಗಿದೆ. ಬಲಗೈಯಲ್ಲಿ ಹೆಬ್ಬೆರಳು ಒಂದೇ ಉಳಿದದ್ದು ನಿನಗೆ ಗೊತ್ತು. ಎಡಗೈಯಲ್ಲಿ ಊಟ ಮಾಡಬೇಡವೋ ಅಂತ ನಿಮ್ಮಮ್ಮ ಮುದ್ದೆ ಮುರಿದು ತುತ್ತು ಕೊಡಲು ಹೋದರೆ, "ಅಮ್ಮ, ನಾನೇನು ಮದ್ವೆ ಗಂಡಾ?" ಅಂತ ನಗಿಸುತ್ತಾನೆ. ನಗಿಸಿದ ಮೇಲೆ ತಟ್ಟೆ ಎತ್ತಿಕೊಂಡು ರೂಮಿಗೆ ಹೋಗುತ್ತಾನೆ.

ಮೊನ್ನೆ ಶ್ರಾವಣದ ಕಡೇ ಶುಕ್ರವಾರ ಏನಾಯಿತು ಅಂತ ನಿನಗೆ ನಿಮ್ಮ ಮನೆಯವರ ಬಾಯಲ್ಲಿ ಬೇರೆ ಥರ ಗೊತ್ತಾಗಿರುತ್ತದೆ. ನಾನು ಲೈಬ್ರರಿಗೆ ಹೋಗಿದ್ದಾಗ ನಿಮ್ಮತ್ತೆ ಬಂದರು. ಅರಿಶಿನ ಕುಂಕುಮ ಕೊಟ್ಟು, ಎಲೆ ಅಡಿಕೆ, ಕಾಯಿ, ರವಿಕೆ ಕಣ ಎಲ್ಲ ಇಟ್ಟು, "ತಗೊಳ್ಳಿ ಬೀಗಿತ್ತಿ, ನಮ್ ನಮ್ಮಲ್ಲೇನಿದೆ" ಅಂದರಂತೆ. ಮುತ್ತೈದೆ ತಾಂಬೂಲ ಬೇಡ ಅಂತಾಳಾ? ನಿಮ್ಮಮ್ಮ ಸೆರಗೊಡ್ಡಿ ತಗೊಂಡಳು. ಮಾರನೇ ದಿನ ಮಾರ್ಕೆಟ್ಟಿನಲ್ಲಿ ನಮ್ಮ ಬೀದಿಯ ಬೋರಯ್ಯ ನನ್ನನ್ನು ತಡೆದು, "ಏನಣ್ಣ, ಗಂಗಾಧರಯ್ಯನ ಮನೇಲಿ ವೀಳ್ಯ ಆಗೋಯ್ತು, ಮಾತು ಮುಗೀತು ಅಂತ ಪಿಳ್ಳಣ್ಣ ಹೇಳ್ಕೊಂಡ್ ತಿರುಗ್ತಾವ್ನೆ!" ಅಂದ. ನಮ್ಮ ಹಳೇ ಊರಿನ ಪದ್ಧತಿ ನಿನಗೆ ಗೊತ್ತಲ್ಲ. ಜಗಳದಲ್ಲಿ ವೀಳ್ಯ ಹಿಡಿದವನು ಆಮೇಲೆ ಬಾಯಿ ಬಿಟ್ಟರೆ ಮಾತಿಗೆ ತಪ್ಪಿದವನು.

ಮನೆಗೆ ಬಂದು ಕೂಗಾಡಿದೆ. ನಿಮ್ಮಮ್ಮ ಸುಮ್ಮನಿರಲಿಲ್ಲ. "ಅದು ಅರಿಶಿನ ಕುಂಕುಮದ ತಾಂಬೂಲ, ನಿಮ್ ಪಂಚಾಯ್ತಿ ತಾಂಬೂಲ ಅಲ್ಲ. ಯಾವತ್ತು ನಮ್ಮ ಕೈಗೆ ನ್ಯಾಯ ಒಪ್ಸಿದ್ರಿ ನೀವು ಗಂಡಸ್ರು, ಇವತ್ತು ಒಪ್ಸೋಕೆ?" ಅಂದಳು. ಕಾಯಿಯನ್ನಾದರೂ ವಾಪಸ್ ಕಳಿಸೋಣ ಅಂದೆ. "ಚಟ್ನಿ ಆಯ್ತು" ಅಂದಳು.

ನಿಮ್ಮ ಮಾವ ಕೊಡುತ್ತೇನೆ ಅನ್ನುವುದು ಇಷ್ಟು: ಒಂದೇ ಸಲ ಒಂದು ಮೊತ್ತ, ಆಮೇಲೆ ಅವರ ಬೀರು ತಯಾರಿಸುವ ಷೆಡ್ಡಿನಲ್ಲೇ ಕುರ್ಚಿ ಮೇಲೆ ಕೂರುವ ಕೆಲಸ. ಬದಲಿಗೆ ರೇವಂತ್ ತಾನು ಅಲ್ಲಿ ಕೆಲಸಗಾರನೇ ಅಲ್ಲ ಅಂತ ಸಹಿ ಹಾಕಬೇಕು. ಐದು ವರ್ಷ ಆ ಪ್ರೆಸ್ ಮೆಷಿನ್ ಮುಂದೆ ಬೀರುವಿನ ತಗಡು ಒತ್ತಿದವನು! "ಮನೆ ಹುಡುಗ ಕಣ್ರೀ, ಅವನ ಹೆಸರು ಹಾಜರಿ ಪುಸ್ತಕಕ್ಕೆ ಯಾಕೆ?" ಅಂತ ಸೇರಿಸಿಕೊಂಡಾಗ ಹೇಳಿದ್ದರು. ಬೀಗರ ಮಾತು ಅಂತ ನಾವೂ ಹಿಗ್ಗಿದ್ದೆವು. ಬೇಗ ಬೇಗ ಮಾಲು ಬೀಳಲಿ ಅಂತ ಮೆಷಿನ್ನಿಗೆ ಕೈ ಸಿಗದಂತೆ ಇದ್ದ ತಡೆ ಬಿಚ್ಚಿಸಿದ್ದೂ ಅವರೇ. ಈಗ ಬೆರಳು ಹೋದ ಮೇಲೆ ಮನೆ ಹುಡುಗ ಬರೀ ನೆಂಟ.

ಇನ್ನೊಂದು ದಾರಿ ಕಾರ್ಮಿಕ ಇಲಾಖೆಯದು, ಅಲ್ಲಿಗೆ ಅರ್ಜಿ ಹಾಕಿದ್ದಾಗಿದೆ. ಕೈ ಎಷ್ಟು ನಷ್ಟ ಅಂತ ಡಾಕ್ಟರು ಹೇಳುತ್ತಾರೆ, ವಯಸ್ಸು ಸಂಬಳ ನೋಡಿ ಪರಿಹಾರ ಲೆಕ್ಕ ಹಾಕುತ್ತಾರೆ. ರಾಜಿಯಾದರೂ ಅಧಿಕಾರಿಯ ಮುಂದೆಯೇ ಆಗಬೇಕು. ಕಾಯ್ದೆಯನ್ನು ಎರಡು ಸಲ ಓದಿದ್ದೇನೆ. ಅವನು ಕೆಲಸಗಾರ ಅಂತ ಹೇಳುವವರು ಮಾತ್ರ ಬೇಕು. ಪಕ್ಕದ ಮೆಷಿನ್ನಿನ ಲಕ್ಕಪ್ಪನನ್ನು ಕೇಳಿದೆ. "ಯಾವ ಬಾಯಿಲೆ ಹೇಳ್ಲಿರಿ ಯಜಮಾನ್ರ, ನಾ ಇರೋ ಬಾಡಿಗಿ ಖೋಲಿನೂ ಅವರದ ಐತಿ" ಅಂದ. ಬಯ್ಯಲು ಮನಸ್ಸು ಬರಲಿಲ್ಲ.

ನನ್ನ ತಂದೆ ಲೇಔಟಿಗೆ ಜಮೀನು ಹೋದಾಗ, ಊರ ದೊಡ್ಡವರು ಹೇಳಿದರು ಅಂತ ಹೆಬ್ಬೆಟ್ಟು ಒತ್ತಿ ಬಂದರು. ಕೋರ್ಟಿಗೆ ಹೋದ ಪಕ್ಕದ ಹೊಲದವರಿಗೆ ಪರಿಹಾರ ಹೆಚ್ಚಾಯಿತು. ಸಾಯುವ ತನಕ ನಮ್ಮಪ್ಪ ಆ ಹೊಲವಿದ್ದ ಬೀದಿಯಲ್ಲಿ ನಡೆಯಲಿಲ್ಲ, ಸುತ್ತಿ ಹೋಗುತ್ತಿದ್ದರು. ನಾನು ನೋಡಿಕೊಂಡು ಬೆಳೆದೆ. ರೇವಂತನಿಗೆ ಇಪ್ಪತ್ತಾರು ವರ್ಷ. ಅವನನ್ನು ಇನ್ನು ನಲವತ್ತು ವರ್ಷ ಪಿಳ್ಳಣ್ಣನ ಕುರ್ಚಿಯಲ್ಲಿ ಕೂರಿಸಲೇ?

ಹಾಗಾಗಿ ಅರ್ಜಿ ವಾಪಸ್ ತೆಗೆಯುವುದಿಲ್ಲ. ಬೀಗರ ಮೇಲೆ ಅರ್ಜಿ ಹಾಕಿದವನು ಅಂತ ನಾಳೆ ಮದುವೆಮನೆಗಳಲ್ಲಿ ನನ್ನ ಪಕ್ಕ ಯಾರೂ ಕೂರದಿರಬಹುದು, ಇರಲಿ. ನಿನಗೆ ಅಲ್ಲಿ ಏನು ಕಾದಿದೆಯೋ ಅಂತಲೇ ಸಂಕಟ. ಅಳಿಯ ಮೋಹಿತ್ ಒಳ್ಳೆಯವನೇ, ಅಪ್ಪನ ಎದುರು ನಿಲ್ಲಲಾರ. ಷೆಡ್ಡಿನ ಹುಡುಗರಿಗೆ ಶನಿವಾರ ಬಟವಾಡೆ ಮಾಡುವವಳು ನೀನೇ, ತಮ್ಮನ ಕೈಗೂ ನೀನೇ ಕೊಟ್ಟಿದ್ದೀಯ. ಆದರೂ ಸಾಕ್ಷಿಗೆ ನಿನ್ನ ಹೆಸರು ಕೊಟ್ಟಿಲ್ಲ. ನಿನ್ನನ್ನು ಕಟಕಟೆಗೆ ಎಳೆಯುವ ಅಪ್ಪನಾಗಲಾರೆ.

ಹಬ್ಬ ಚೆನ್ನಾಗಿ ಮಾಡು. ಹಸಿರು ಬಳೆ ನಿಮ್ಮಮ್ಮ ತಾನೇ ಆರಿಸಿದ್ದು. ಗೌರಮ್ಮ ನಿನ್ನ ಮನೆ ತಣ್ಣಗಿಡಲಿ.

ನಿನ್ನ ಅಪ್ಪ,
ಗಂಗಾಧರಯ್ಯ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನೆ ರೇವಂತನನ್ನು ಕರೆದುಕೊಂಡು ಇಲಾಖೆ ಕಚೇರಿಗೆ ಹೋಗಿದ್ದೆ. ಅಧಿಕಾರಿ, "ಷೆಡ್ಡಿಗೆ ಹೋಗಿದ್ವಿ ಯಜಮಾನ್ರೇ. ಹುಡುಗ ಊಟದ ಕ್ಯಾರಿಯರ್ ತರೋಕೆ ಬರ್ತಿದ್ದ, ಸುಮ್ನೆ ಮೆಷಿನ್ ಮುಟ್ದ ಅಂತ ಅವರ ಅಕ್ಕಾನೇ ಹೇಳಿದ್ರಲ್ಲ?" ಅಂದರು. ಯಾರು ನಿನ್ನ ಪಕ್ಕ ನಿಂತು ಹೇಳಿಸಿದರು ಅಂತ ಕೇಳುವುದಿಲ್ಲ. ಸುಳ್ಳು ಅನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ರೇವಂತ್, "ಹೌದು ಸಾರ್, ಅಕ್ಕ ಹೇಳಿದ್ದೇ ಸರಿ" ಅಂದುಬಿಟ್ಟ. ಆ ಪುಣ್ಯಾತ್ಮ ಪೆನ್ನು ಕೆಳಗಿಟ್ಟು, "ಮುಂದಿನ ಗುರುವಾರ ಬಾಪ್ಪಾ, ಯೋಚ್ನೆ ಮಾಡ್ಕೊಂಡ್ ಹೇಳು" ಅಂದರು. ಗುರುವಾರವೂ ಇವನು ಹೀಗೇ ಹೇಳಿದರೆ ಅರ್ಜಿ ಅಲ್ಲಿಗೆ ಮುಗಿಯಿತು.

ಹೊರಗೆ ಬಂದು ಸ್ಕೂಟರ್ ಹತ್ತಿರ ಬಾಯಿಗೆ ಬಂದಂತೆ ಬೈದೆ. "ಅಕ್ಕ ಸುಳ್ಳಿ ಅಂತ ನಾನು ಹೆಂಗ್ ಹೇಳ್ಲಪ್ಪ? ಅವಳು ಅಲ್ಲೇ ಬಾಳ್ಬೇಕು" ಅಂದ. ಹೆಲ್ಮೆಟ್ ಹಾಕಿಕೊಂಡ, ಪಟ್ಟಿ ಸಿಕ್ಕಿಸಲು ಎಡಗೈಯೊಂದರಲ್ಲಿ ಒದ್ದಾಡಿದ, ಆಮೇಲೆ ನನ್ನ ಮುಂದೆ ಗದ್ದ ಎತ್ತಿ ನಿಂತ.