ಎಳೆದುಕೊಂಡು ಹೋದ ಕಾರು

ಶೋವ್ಡೆ, ಸ್ವೀಡನ್
19 ಜುಲೈ 2009

ಪ್ರೀತಿಯ ಅನೂ,

ಯುಗಾದಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ. ಬೈದುಕೋ, ಪರವಾಗಿಲ್ಲ. ಮಗು, ಅಮ್ಮ ಎಲ್ಲ ಆರಾಮ ತಾನೆ? ಫೋನಿನಲ್ಲಿ ಹೇಳಿದರೆ ಅಳು ಬರುತ್ತದೆ, ನನಗೆ ಅಳುವುದು ಬೇಕಾಗಿಲ್ಲ. ಸಿಟ್ಟು ಸಿಟ್ಟಾಗಿಯೇ ಇರಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಹೈಬ್ರಿಡ್ ಕಾರು ಹಾಳಾಯಿತು. ಹಾಳಾಯಿತು ಅಲ್ಲ, ನನ್ನ ಗಂಡ ಮಹಾಶಯ ವಿಘ್ನೇಶ್ ಹಾಳು ಮಾಡಿದ.

ಸ್ಟಾಕ್‌ಹೋಮಿನ ಕಿಸ್ಟಾದಲ್ಲಿ ಅವನ ಜೊತೆ ಕೆಲಸ ಮಾಡುವ ರಘುನಾಥ ಹಳೆಯದೊಂದು ಮೋಟರ್‌ಹೋಮ್ ಕೊಂಡ. ಹಾಸಿಗೆ, ಒಲೆ ಎಲ್ಲ ಇರುವ ದೊಡ್ಡ ವ್ಯಾನು. ಎರಡೂ ಮನೆಯವರು ಸೇರಿ ಸಿಲ್ಯಾನ್ ಸರೋವರಕ್ಕೆ ಹೋಗುವುದೆಂದಾಯಿತು. ಅಲ್ಲಿ ಸುತ್ತಾಡಲು ನಮ್ಮ ಕಾರನ್ನು ಹಿಂದೆ ಕಟ್ಟಿ, ನಾಲ್ಕೂ ಚಕ್ರ ನೆಲದ ಮೇಲೇ ಉರುಳಿಸಿಕೊಂಡು ಹೋಗೋಣ, ಅಮೆರಿಕದಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ ಎಂದು ವಿಘ್ನೇಶ್ ಕಬ್ಬಿಣದ ಸರಳೊಂದನ್ನು ತರಿಸಿದ.

ನಾನು ಬೇಡ ಎಂದೆ. ಅನೂ, ನಮ್ಮ ಮೆಕ್ಯಾನಿಕಲ್ ಕ್ಲಾಸಿನಲ್ಲಿ ಇದ್ದದ್ದೇ ನಾವಿಬ್ಬರು ಹುಡುಗಿಯರು. ಇಲ್ಲಿ ಎಂಜಿನ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ನನಗೆ ದಿನವೂ ಇದೇ ಕೆಲಸ. "ನ್ಯೂಟ್ರಲ್‌ಗೆ ಹಾಕಿದರೂ ಈ ಕಾರಿನ ಮುಂದಿನ ಚಕ್ರಕ್ಕೂ ಕರೆಂಟಿನ ಮೋಟರಿಗೂ ಸಂಬಂಧ ತಪ್ಪೋದಿಲ್ಲ. ಚಕ್ರ ಉರುಳಿದರೆ ಮೋಟರೂ ತಿರುಗುತ್ತೆ, ಕಾದು ಸುಟ್ಟುಹೋಗುತ್ತೆ. ಬೇಕಾದರೆ ಟ್ರೇಲರ್ ಮೇಲೆ ಏರಿಸು. ಇಲ್ಲಾಂದ್ರೆ ನಾನೇ ಹಿಂದೆ ಓಡಿಸಿಕೊಂಡು ಬರ್ತೀನಿ" ಅಂದೆ.

"ನಿನ್ನ ಲ್ಯಾಬ್ ಬಿಟ್ಟು ಎರಡು ದಿನ ರಜ ಅನುಭವಿಸು ಮಾರಾಯ್ತಿ" ಅಂದ. ರಘುನಾಥ ನಕ್ಕ.

ಓರೆಬ್ರೋ ಹತ್ತಿರ ಪೆಟ್ರೋಲ್ ಬಂಕಿನಲ್ಲಿ ಒಬ್ಬರು ಬಂದು, ಹೀಗೆ ಎಳೆಯುವಾಗ ಹಿಂದಿನ ಕಾರಿನ ಸ್ಟೀರಿಂಗ್ ಹಿಡಿಯಲು ಒಬ್ಬರು ಇರಲೇಬೇಕು, ನಿಧಾನವಾಗಿ ಹೋಗಬೇಕು ಎಂದರು. "ಹಾಗಾದರೆ ನೀನೇ ಕೂತ್ಕೋ" ಎಂದ ವಿಘ್ನೇಶ್. ಹೇಗೂ ಕೂರುವುದಾದರೆ ಸರಳು ಬಿಚ್ಚಿ, ಓಡಿಸಿಕೊಂಡೇ ಬರುತ್ತೇನಲ್ಲ ಎಂದೆ. ಎಲ್ಲರೆದುರು ಸರಳು ಬಿಚ್ಚಲು ಅವನಿಗೆ ಮನಸ್ಸಾಗಲಿಲ್ಲ. ವ್ಯಾನಿನಲ್ಲಿ ಮಗಳು ವರ್ಷಾ ಹಸಿವೆಂದು ರಗಳೆ ತೆಗೆದಿದ್ದಳು. ಇನ್ನು ಜಗಳ ಬೇಡವೆಂದು ಕೂತೆ.

ವ್ಯಾನು ಓಡಿಸುತ್ತಿದ್ದವನು ವಿಘ್ನೇಶನೇ. ಮೊದಲು ನಿಧಾನವಾಗೇ ಹೋದ. ಆಮೇಲೆ ವೇಗ ಏರಿಸಿದ. ಕೆಂಪು ದೀಪ ಹತ್ತಿತು. ಹಾರ್ನ್ ಒತ್ತಿದೆ, ಲೈಟು ಹಾಕಿದೆ, ಅವನಿಗೆ ಫೋನ್ ಮೇಲೆ ಫೋನ್ ಮಾಡಿದೆ. ಎತ್ತಲೇ ಇಲ್ಲ. ಕಾರೊಳಗೆ ಸುಟ್ಟ ವಾಸನೆ. ಇಳಿಜಾರಿನಲ್ಲಿ ಬ್ರೇಕು ಕಲ್ಲಿನಂತಾಯಿತು, ಎರಡೂ ಕಾಲಿಟ್ಟು ತುಳಿದೆ. ಮುಂದೆ ಮೋಟರ್‌ಹೋಮಿನ ಬೆನ್ನು ಬಿಟ್ಟರೆ ಏನೂ ಕಾಣಿಸುತ್ತಿರಲಿಲ್ಲ. ಎದುರಿನಿಂದ ಬಂದ ಲಾರಿಯವನು ಹೊಗೆ ನೋಡಿ ಕೈಯಾಡಿಸಿದ ಮೇಲೆ ಇವನು ನಿಲ್ಲಿಸಿದ.

ಅವನು ಬಂದು ಬಾನೆಟ್ಟು ಎತ್ತಿ ನೋಡಿದ. ಆಮೇಲೆ ನನ್ನನ್ನು ನೋಡಿ, "ಇಷ್ಟು ಗೊತ್ತಿದ್ದವಳು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿತ್ತು" ಅಂದ.

ಅಷ್ಟಕ್ಕೇ ಮುಗಿಯಲಿಲ್ಲ. ಹೋದ ಭಾನುವಾರ ರಘುನಾಥನ ಮನೆಯಲ್ಲಿ ಫಿಕಾಗೆ, ಅಂದರೆ ಇಲ್ಲಿಯವರ ಕಾಫಿ-ತಿಂಡಿಯ ಕೂಟಕ್ಕೆ, ಸೇರಿದ್ದೆವು. ಕಾಫಿ ಕುಡಿಯುತ್ತ ಎಲ್ಲರಿಗೂ ಹೇಳುತ್ತಾನೆ: "ವೈದೇಹಿ ಹೆದರಿ ಬ್ರೇಕ್ ಒತ್ತಿದಳು, ಅದಕ್ಕೇ ಗೇರ್‌ಬಾಕ್ಸ್ ಹೋಯಿತು."

ನಾನು ದನಿ ಏರಿಸಲಿಲ್ಲ. "ಗೇರ್‌ಬಾಕ್ಸ್ ಹೋಗಿದ್ದು ಮೋಟರ್ ಸುಟ್ಟಿದ್ದರಿಂದ. ಮೋಟರ್ ಸುಟ್ಟಿದ್ದು ನಿನ್ನ ಹಟದಿಂದ. ಬ್ರೇಕ್ ಒತ್ತಿದ್ದಕ್ಕೇ ನಾನು ಇಲ್ಲಿ ಕೂತಿದ್ದೇನೆ" ಎಂದೆ. ರಘುನಾಥನ ಹೆಂಡತಿ ಲಾವಣ್ಯಾ, "ವೈದೇಹಿಯವರು ಮೊದಲೇ ಹೇಳಿದ್ದರು, ನಾನೇ ಕೇಳಿಸಿಕೊಂಡಿದ್ದೆ" ಅಂದಳು. ವಿಘ್ನೇಶ್ ತಟ್ಟೆಯಲ್ಲಿದ್ದ ಬನ್ನನ್ನು ಚೂರು ಚೂರು ಮಾಡುತ್ತ ಕೂತ. ನಾನು ವರ್ಷಾಳನ್ನು ಎಬ್ಬಿಸಿಕೊಂಡು ರೈಲು ಹತ್ತಿ ಬಂದೆ. ಅವನಿನ್ನೂ ಸ್ಟಾಕ್‌ಹೋಮಿನಲ್ಲೇ ಇದ್ದಾನೆ. ಸಂಜೆಯ ಹೊತ್ತು ವರ್ಷಾ ಜೊತೆ ಮಾತಾಡುತ್ತಾನೆ. ನನಗೆ ಫೋನ್ ಕೊಡು ಎನ್ನುವುದಿಲ್ಲ, ನಾನೂ ಕೇಳುವುದಿಲ್ಲ.

ನಿನ್ನ ಪುಟ್ಟನಿಗೆ ನನ್ನ ಮುತ್ತು. ಆಯುಷ್ಯ, ಆರೋಗ್ಯ ಎರಡೂ ತುಂಬಿ ಬರಲಿ. ಅಮ್ಮನಿಗೆ ನಮಸ್ಕಾರ ಹೇಳು, ಇದನ್ನು ಮಾತ್ರ ಓದಿ ಹೇಳಬೇಡ.

ನಿನ್ನ
ವೈದೇಹಿ

ಮರೆತ ಮಾತು: ಫೋನ್ ಕೇಳಿಸಲಿಲ್ಲ ಎಂದು ಅವನು ದೇವರ ಮೇಲೆ ಆಣೆ ಇಟ್ಟಿದ್ದ. ನಂಬಿದ್ದೆ. ನಿನ್ನೆ ತಲೆ ಬಾಚುವಾಗ ವರ್ಷಾ ತಾನಾಗೇ ಹೇಳಿದಳು: "ಮಮ್ಮಾ, ನೀನು ಫೋನ್ ಮಾಡಿದಾಗ ಪಪ್ಪ ನಿನ್ನ ಹೆಸರು ನೋಡಿದ್ರು. ಮತ್ತೆ ಶುರುವಾಯ್ತು ಅಂತ ಸೌಂಡ್ ಆಫ್ ಮಾಡಿ ಸೀಟಿನ ಮೇಲೆ ಬೋರಲು ಇಟ್ರು."