ನೀರು ನಿಲ್ಲುವ ಜಾಗ

ಫ್ಲೋರಿಡಾ, ನವೆಂಬರ್ 1971

ಹಾರ್ಲನ್ ಅಣ್ಣನಿಗೆ,

ನಮ್ಮ ಹುಲ್ಲುಗಾವಲು ಕೊಂಡವರು ಮನರಂಜನಾ ಪಾರ್ಕಿನವರೆಂದು ಪತ್ರಿಕೆಯಲ್ಲಿ ಬಂದಂದಿನಿಂದ ನೀನು ನನ್ನ ಜೊತೆ ಮಾತನಾಡಿಲ್ಲ. ಮಾರೋಣವೆಂದು ಹಟ ಹಿಡಿದವಳು ನಾನೇ.

"ಅವನ ಬೂಟು ನೋಡೇ, ಸಗಣಿನೇ ಕಂಡಿಲ್ಲ" ಎಂದು, ದನ ಸಾಕಲು ಜಾಗ ಬೇಕೆಂದು ಬಂದವನನ್ನು ನೋಡಿ ನೀನು ಅಂದೇ ಹೇಳಿದ್ದೆ. ಆದರೆ ಆತ ಮೊದಲು ಕೇಳಿದ್ದು, "ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತಮ್ಮ?" ಎಂದು. ದನ ಸಾಕುವವರಷ್ಟೇ ಹಾಗೆ ಕೇಳುತ್ತಾರೆಂದು ನಂಬಿ ನಾನೇ ನಡೆದು ತೋರಿಸಿದೆ. ಅಲ್ಲೀಗ ದೋಣಿವಿಹಾರದ ಕೆರೆ ತೋಡಿದ್ದಾರೆ.

ಅಮ್ಮನ ಸಮಾಧಿಗೆ ಬೇಲಿ ಹಾಕಿ ಉಳಿಸಿದ್ದಾರೆ. ಭಾನುವಾರ ಬೆಳಿಗ್ಗೆ ಹಿಂದಿನ ಗೇಟಿನಿಂದ ಮನೆಯವರಲ್ಲಿ ಒಬ್ಬರನ್ನು ಮಾತ್ರ ಬಿಡುತ್ತಾರೆ. ನಿನ್ನ ಹೆಸರು ಬರೆಸಿದ್ದೇನೆ. ಕುಡುಗೋಲು ತಾ, ಹುಲ್ಲು ಬೆಳೆದಿರುತ್ತದೆ.

ನಾನು ಹೊರಗೆ ಕಾರಿನಲ್ಲಿ ಕಾದಿರುತ್ತೇನೆ. ಬೇರೇನೂ ಮಾತನಾಡಬೇಕಾಗಿಲ್ಲ. ಅಮ್ಮನ ಕಲ್ಲು ನೆಟ್ಟಗಿದೆಯೋ ಇಲ್ಲವೋ, ಅಷ್ಟು ಹೇಳಿ ಹೋಗು.

ನಿನ್ನ ತಂಗಿ,
ಲೋರೀನ್