ಕಷಾಯದ ಮೇಲೆ ನೀರು

ಪರದೆ ಬಿದ್ದ ಮೇಲೂ ರಂಗ ಬಿಟ್ಟಿಳಿಯದ ನನ್ನ ದೊಡ್ಡಪ್ಪನಿಗೆ,

ಈ ಕಾಗದವನ್ನು ಏರುದನಿಯಲ್ಲೇ ಓದಿಕೋ. ನಾನು ನಿನ್ನ ನಾಟಕದ ಮೇಳದಲ್ಲಿ ಬೆಳೆದವನು. ಮೆಲ್ಲಗೆ ಮಾತಾಡುವುದನ್ನು ನೀನು ಕಲಿಸಲೇ ಇಲ್ಲ.

ಬಣ್ಣ ಹಚ್ಚುವ ಮೊದಲು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ನೆಲಬೇವಿನ ಕಷಾಯ ಕುಡಿಸುತ್ತಿದ್ದೆಯಲ್ಲ, ನೆನಪಿದೆಯಾ? ಆ ಕಹಿಯ ಮುಂದೆ ರಾಜನೂ ಒಂದೇ, ಬಾಗಿಲು ಕಾಯುವ ಭಟನೂ ಒಂದೇ. ಉದ್ದನಪಲ್ಲಿಯ ಹೊಲದ ಬದುಗಳಿಂದ ನೀನೇ ಕಿತ್ತು ತಂದು, ನೆರಳಲ್ಲಿ ಒಣಗಿಸಿ ಕುದಿಸುತ್ತಿದ್ದೆ. ಜ್ವರ ಬಂದವರು ಕೆಲಮಂಗಲದಿಂದಲೂ ನಿನ್ನ ಬಾಗಿಲಿಗೆ ಬರುತ್ತಿದ್ದರು. ಕಷಾಯ ಕೊಟ್ಟು ಪಥ್ಯ ಹೇಳುತ್ತಿದ್ದೆ: ಜ್ವರ ಬಿಡುವವರೆಗೆ ಒಂದು ಗುಟುಕು ನೀರೂ ಕೂಡದು. "ನೀರು ಕೇಳೋನು ರೋಗಿ ಅಲ್ಲ ಕಣ್ರಲಾ, ಜ್ವರ. ಅದು ವೇಷ ಹಾಕ್ಕಂಡು ಕೇಳ್ತದೆ. ಮೋಸ ಹೋಗ್ಬ್ಯಾಡಿ." ಆ ಕಂಠದಲ್ಲಿ ಹೇಳಿದರೆ ಯಾರು ತಾನೇ ನಂಬುವುದಿಲ್ಲ? ಮನೆಗೆ ಹೋಗಿ ಕದ್ದು ನೀರು ಕುಡಿದವರು ಬದುಕಿಕೊಂಡರು. ಬದುಕಿ ಬಂದು ನಿನ್ನ ಪಥ್ಯವನ್ನು ಹೊಗಳಿದರು.

ದೊಡ್ಡಮ್ಮನಿಗೆ ನೀನು ಪರೀಕ್ಷೆ ಇಟ್ಟ ಆ ಮಧ್ಯಾಹ್ನವನ್ನು ನಾನು ಮರೆತಿಲ್ಲ. ನಿನ್ನ ಮೈ ಸ್ವಲ್ಪ ಬೆಚ್ಚಗಿತ್ತು, ಅಷ್ಟೇ. ಜಗಲಿಯ ಮೇಲೆ ಮಲಗಿ, ನಾಲಿಗೆ ಚಾಚಿ, "ನೀರು ಕೊಡೇ, ಜೀವ ಹೋಯ್ತದೆ" ಅಂದೆ. ಪಾಪ, ಅವಳು ಚೊಂಬು ಹಿಡಿದು ಓಡಿ ಬಂದಳು. ನೀನು ಚೊಂಬನ್ನು ಒದ್ದು ಎದ್ದು ಕೂತೆ. "ನೋಡ್ರಲಾ, ಫೇಲಾಗ್ಬುಟ್ಳು. ನಾಳೆ ನಿಜವಾದ ಜ್ವರ ಬಂದ್ರೆ ಇವಳೇ ನನ್ನ ಸಾಯಿಸೋದು." ಹಾರ್ಮೋನಿಯಂ ನುಡಿಸುವವನಿಂದ ಹಿಡಿದು ಎಲ್ಲರೂ ನಕ್ಕರು. ಅವಳು ಸೆರಗಿನಲ್ಲಿ ನೆಲ ಒರೆಸಿದಳು.

ನಿಜವಾದ ಜ್ವರ ಬಂದಾಗ ನಾನು ಗುಮ್ಮಳಾಪುರದಲ್ಲಿ ನಿನ್ನದೇ ಕಿರೀಟ ಇಟ್ಟುಕೊಂಡು ನಿನ್ನದೇ ಪಾರ್ಟು ಮಾಡುತ್ತಿದ್ದೆ. ಬೆಳಿಗ್ಗೆ ಬಂದರೆ ನಿನ್ನನ್ನು ಆಗಲೇ ಚಾಪೆಯ ಮೇಲೆ ನೇರ ಮಾಡಿದ್ದರು. ತುಟಿ ಒಡೆದು ಬಿರುಕು ಬಿಟ್ಟಿತ್ತು. ದೊಡ್ಡಮ್ಮ ಅಳುವಿನ ನಡುವೆಯೂ ಒಂದು ಬಗೆಯ ಹೆಮ್ಮೆಯಿಂದ ಹೇಳಿದಳು: "ಕೇಳ್ತಾನೇ ಇದ್ರು ಕಣಪ್ಪ. ಕೈ ಮುಗುದ್ರು. ಆದ್ರೂ ನಾನು ಕೊಡ್ಲಿಲ್ಲ. ಈ ಸಲ ಫೇಲಾಗ್ಲಿಲ್ಲ." ಜೀವನವಿಡೀ ಅಭಿನಯಿಸಿದವನು ನೀನು. ಕೊನೆಗೊಮ್ಮೆ ನಿಜ ಹೇಳಿದಾಗ ಯಾರು ನಂಬಬೇಕಿತ್ತು, ದೊಡ್ಡಪ್ಪ?

ಈ ಮಳೆಗಾಲದಲ್ಲಿ ನನ್ನ ಮಗಳು ಭಾಗ್ಯಳಿಗೆ ಡೆಂಗ್ಯೂ ಬಂತು. ಹೊಸೂರಿನ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಅವಳಿಗೆ. ದೊಡ್ಡಮ್ಮ ಕಷಾಯ ಕಾಯಿಸಿ ತಂದಳು. ಭಾಗ್ಯ ಕುಡಿದಳು. "ಇದ್ರಾಗೆ ಸತ್ವ ಐತೆ ಅಜ್ಜಿ. ಈ ಕಹಿ ಸಾರ ಲ್ಯಾಬಿನಾಗೆ ಕೆಲವು ವೈರಸ್ಸನ್ನ ತಡೀತದೆ ಅಂತಾರೆ. ಮನುಷ್ಯರ ಮೈಯಾಗೆ ಎಷ್ಟು ಮಟ್ಟಿಗೆ ಅನ್ನೋದು ಇನ್ನೂ ಗ್ಯಾರಂಟಿ ಇಲ್ಲ. ಈಗ ನೀರು ಕೊಡು." ದೊಡ್ಡಮ್ಮ ನೀರಿನ ಬಿಂದಿಗೆಯನ್ನು ಒಳಗಿಟ್ಟು ಬಾಗಿಲು ಹಾಕಿಕೊಂಡಳು. ನಿನ್ನ ಗಿಡಕ್ಕೆ ಸಂದ ಮರ್ಯಾದೆ ಕೇಳಿ ಹಿಗ್ಗಬೇಡ. ಗಿಡದ್ದು ತಪ್ಪಿಲ್ಲ. ಅದಕ್ಕೆ ನೀನು ಬರೆದ ಸಂಭಾಷಣೆ ಇದೆಯಲ್ಲ, ಅದು...

ಹೊಸೂರಿನ ಆಸ್ಪತ್ರೆಯಲ್ಲಿ ಭಾಗ್ಯಳಿಗೆ ಡ್ರಿಪ್ ಹಾಕಿದರು. ದೊಡ್ಡಮ್ಮ ಡಾಕ್ಟರಮ್ಮನನ್ನು ತಡೆದು ನಿಲ್ಲಿಸಿ, "ಕಷಾಯ ಕುಡ್ದವ್ಳೆ ತಾಯಿ, ನೀರು ಕೊಡಬೋದಾ?" ಅಂದಳು. ಆಕೆ ತಮಿಳಿನಲ್ಲಿ, "ತಣ್ಣಿ ನಿರಯ ಕುಡುಂಗಮ್ಮಾ, ಅದುದಾನ್ ಮರುಂದು" ಅಂದರು. ನೀರು ಚೆನ್ನಾಗಿ ಕೊಡಿ, ಅದೇ ಮದ್ದು. ಈ ಜ್ವರದಲ್ಲಿ ರಕ್ತದೊಳಗಿನ ನೀರೇ ಸೋರಿಹೋಗುತ್ತದಂತೆ, ನೀರು ಕೊಡದಿದ್ದರೆ ಜೀವಕ್ಕೇ ಅಪಾಯವಂತೆ. ದೊಡ್ಡಮ್ಮ ಬೆಂಚಿನ ಮೇಲೆ ಕೂತಳು. "ಅಂಗಾದ್ರೆ ಅವತ್ತು ಅವ್ರು ಕೇಳಿದ್ದು..." ಅಂದಳು. ನೀರು ಕೊಟ್ಟಿದ್ದರೆ ನೀನು ಉಳಿಯುತ್ತಿದ್ದೆಯೋ ಇಲ್ಲವೋ, ಯಾರು ಹೇಳಬಲ್ಲರು? ಆದರೆ ಹೆಂಡತಿಗೆ ಕೈಮುಗಿದು, ಬಾಯಾರಿ ಸಾಯಬೇಕಿರಲಿಲ್ಲ. ಅವಳನ್ನು ಕೊಲೆಗಾರ್ತಿ ಮಾಡಿ ಹೋಗಬೇಕಿರಲಿಲ್ಲ.

ಮೊನ್ನೆ ಮಹಾಲಯ ಅಮಾವಾಸ್ಯೆಗೆ ನಿನಗೆ ಎಡೆ ಇಟ್ಟೆವು. ಮುದ್ದೆ, ಕೋಳಿ ಸಾರು, ವಡೆ, ನಿನ್ನ ಬೀಡಿ ಕಟ್ಟು, ಲೋಟದ ತುಂಬ ಕಷಾಯ. ನಾನು ನೀರಿನ ಚೊಂಬು ಇಡಲು ಬಗ್ಗಿದರೆ ದೊಡ್ಡಮ್ಮ ನನ್ನ ಕೈ ಹಿಡಿದಳು.

"ಇಡಬ್ಯಾಡ."

"ಯಾಕ್ ದೊಡ್ಡಮ್ಮ? ಕುಡಿಯಾಕೆ ಬ್ಯಾಡ್ವಾ?"

"ಕೇಳ್ಲಿ ಬುಡು. ಕೇಳಿದ್ರೂ ಕೊಡಬ್ಯಾಡ ಅಂತ ಅವ್ರೇ ಅಲ್ವಾ ಯೇಳಿದ್ದು?"

ಅವಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ನನ್ನ ಕೈಯಿಂದ ಚೊಂಬು ಕಿತ್ತುಕೊಂಡು ಭಾಗ್ಯಳಿಗೆ ಕೊಟ್ಟಳು. ನಿನ್ನ ಫೋಟೋದ ಎದುರೇ ನಿಲ್ಲಿಸಿ, ತಳ ಕಾಣುವವರೆಗೂ ಕುಡಿಸಿದಳು. ನೀನು ನೋಡುತ್ತಿದ್ದೆ. ನಾನು ನಿನ್ನನ್ನೇ ನೋಡುತ್ತಿದ್ದೆ.

ಈಗ ಕಷಾಯಕ್ಕೆ ಬರುವವರಿಗೆ ದೊಡ್ಡಮ್ಮನೇ ಮೊದಲು ಒಂದು ಚೊಂಬು ನೀರು ಕುಡಿಸಿ, ಆಮೇಲೆ ಆಸ್ಪತ್ರೆಗೆ ಅಟ್ಟುತ್ತಾಳೆ. ನಾನು ಕೊಡುವ ಮಾತು ಒಂದೇ: ಅವಳು ಬದುಕಿರುವವರೆಗೆ ನಿನ್ನ ಎಡೆಗೆ ನೀರು ಇಡುವುದಿಲ್ಲ. ಆಮೇಲೆ ನೀರು ಇಡುವವನು ನಾನು. ಆಗ ಕೇಳಿ ನೋಡು.